ಬಾರಕೇರ ಮಾಸ್ತರರ ಶನಿವಾರವ್ರತಭಂಗ

ಯಾವ ಯುಗದಲ್ಲಿ ಶನಿವಾರದ ಶಾಲೆಯು ಎಂಟು ಹೊಡೆಯುವ ಮುಂಚೆಯೇ ಗಂಟೆ ಬಾರಿಸುತ್ತಿತ್ತೋ, ಯಾವ ಯುಗದಲ್ಲಿ ನಲ್ಲಿಗೆ ನೀರು ಬರುವ ಹೊತ್ತೂ ಮಕ್ಕಳು ಮನೆ ಬಿಡುವ ಹೊತ್ತೂ ಒಂದೇ ಆಗಿ ತಾಯಂದಿರು ಒಲೆಯನ್ನು ಬಿಟ್ಟು ಕೊಡದ ಹಿಂದೆ ಓಡುತ್ತಿದ್ದರೋ, ಯಾವ ಯುಗದಲ್ಲಿ ಗಣಿತವೆಂಬ ಮಹಾಶಾಸ್ತ್ರವು ಬಾಲಬಾಲೆಯರ ಎದೆಯ ಮೇಲೆ ಬೀಸುವ ಕಲ್ಲಿನಂತೆ ಕುಳಿತಿತ್ತೋ, ಆ ಘೋರ ಕಲಿಯುಗದಲ್ಲಿ, ನೆಲ್ಲಿಗಟ್ಟಿಯೆಂಬ ಧೂಳುಮಯ ಪಟ್ಟಣದ ಸರ್ಕಾರಿ ಪ್ರೌಢಶಾಲೆಯಲ್ಲಿ ನಡೆದ ಮಹಾಸಮರವನ್ನು ಹೇಳುತ್ತೇನೆ, ಕೇಳಿರಿ. ಉಂಡವರು ಎಲೆಯಡಿಕೆ ಹಾಕಿಕೊಂಡು ಕೇಳಿರಿ. ಉಣದವರು ಉಂಡು ಬಂದು ಕೇಳಿರಿ. ಖಾಲಿ ಹೊಟ್ಟೆಯವರ ಮುಂದೆ ಈ ಕಥೆ ತೆಗೆದು ನಾನು ಬೈಸಿಕೊಂಡದ್ದು ಸಾಕು.

ಅಮ್ಮಾ ಅನ್ನಪೂರ್ಣೆ, ಸಕಲಚರಾಚರಜಠರಾಗ್ನಿಶಮನಕಾರಿಣಿ, ನನ್ನ ನಾಲಿಗೆಯ ಮೇಲೆ ಒಂದು ಗಳಿಗೆ ನಿಲ್ಲು ತಾಯೀ. ಪದ್ಧತಿಯಂತೆ ಸರಸ್ವತಿಯನ್ನೇ ಕರೆಯಬೇಕಿತ್ತು, ನಿಜ. ಆದರೆ ಈ ಪ್ರಸಂಗದಲ್ಲಿ ಅವಳ ಕೆಲಸ ನಡೆಯಬೇಕಾದರೆ ಮೊದಲು ನಿನ್ನ ಕೆಲಸ ಆಗಬೇಕು.

ಈ ಸಮರದ ನಾಯಕಿ ಯಾರೆಂದರೆ, ಒಂಬತ್ತನೆಯ ಇಯತ್ತೆಯ ದಾಕ್ಷಾಯಣಿ ಅಂಗಡಿ. ಖೋಖೋರಣಾಂಗಣಪ್ರಚಂಡಮಾರುತೆಯೂ, ಪರಪೃಷ್ಠಸ್ಪರ್ಶನನಿಪುಣೆಯೂ, ಧೂಳೀಧೂಸರವೇಣೀದ್ವಯಶೋಭಿತೆಯೂ ಆದ ಈ ವೀರಬಾಲೆಯು ಕಂಬದಿಂದ ಕಂಬಕ್ಕೆ ಹಾರುವಾಗ ಎದುರಾಳಿಗಳು ತಾವಾಗಿಯೇ ಔಟಾಗಿ ಕುಳಿತದ್ದುಂಟು. ಅಂಥವಳು ಗಣಿತದ ಎದುರಿಗೆ ಮಾತ್ರ ಮಳೆಯಲ್ಲಿ ನೆನೆದ ಕೋಳಿ. ಲೆಕ್ಕದ ದಾರಿಯನ್ನು ಮೇಲಿನಿಂದ ಕೆಳಗಿನವರೆಗೆ ಸರಿಯಾಗಿ ಬರೆಯುವಳು, ಮಾಸ್ತರರು ಹೇಳಿಕೊಟ್ಟ ಹಾಗೆಯೇ ಬರೆಯುವಳು, ಆದರೂ ಕಾಗದ ಮರಳಿ ಬಂದಾಗ ಅದರ ಮೇಲೆ ಕೆಂಪು ಅಡ್ಡಗೀಟು ಬಿಟ್ಟರೆ ಬೇರೇನೂ ಇರುತ್ತಿರಲಿಲ್ಲ. ಯಾಕೆ ಹೀಗೆ ಎಂಬುದು ಅವಳಿಗೆ ತಿಳಿಯದೆ ಅತ್ತೂ ಬಿಟ್ಟಿದ್ದಳು.

ಸೋಮವಾರ ಜಿಲ್ಲಾ ಮಟ್ಟದ ಖೋಖೋ ಪಂದ್ಯಕ್ಕೆ ತಂಡ ಹೊರಡುವುದಿತ್ತು. ಶಾಲೆಯ ಸಿಂಹಾಸನಾಧೀಶ್ವರಿಯಾದ ಹೆಡ್ ಮೇಡಂ ವಿಶಾಲಾಕ್ಷಿಯವರು ರಾಜಾಜ್ಞೆ ಹೊರಡಿಸಿದ್ದರು: ಶನಿವಾರದ ಗಣಿತದ ಕಿರುಪರೀಕ್ಷೆಯಲ್ಲಿ ಪಾಸಾಗದವರು ಬಸ್ಸು ಹತ್ತುವಂತಿಲ್ಲ. ಹೋದ ವರ್ಷವೂ ಇದೇ ಆಜ್ಞೆಯಿತ್ತು, ಹೋದ ವರ್ಷವೂ ಅಡ್ಡಗೀಟು ಬಿದ್ದಿತ್ತು, ದಾಕ್ಷಾಯಣಿ ಬಸ್ ಸ್ಟ್ಯಾಂಡಿನ ಕಟ್ಟೆಯ ಮೇಲೆ ನಿಂತು ತನ್ನ ತಂಡಕ್ಕೆ ಕೈಬೀಸಿ ಕಳಿಸಿ ಬಂದಿದ್ದಳು. ಈ ಸಲವೂ ಹಾಗೇ ಆದರೆ ಎಂಬ ಮಾತು ನೆನಪಾದಾಗೆಲ್ಲ ಅವಳು ಲೆಕ್ಕದ ಪುಸ್ತಕವನ್ನು ಮತ್ತೆ ತೆಗೆದು ಕೂಡುತ್ತಿದ್ದಳು.

ಇಂತಿರಲು ಆ ವಾರದ ಗುರುವಾರ, ಪ್ರಾರ್ಥನೆಯ ಹೊತ್ತಿಗೆ, ಹೆಡ್ ಮೇಡಂ ಎಲ್ಲಿಯೋ ತರಬೇತಿಗೆ ಹೋಗಿ ಹೊತ್ತು ತಂದ ಜ್ಞಾನವನ್ನು ಮಕ್ಕಳ ಮೇಲೆ ಸುರಿದರು.

"ನೋಡ್ರಿ ಮಕ್ಕಳ, ಮುಂಜಾನಿ ನಾಷ್ಟಾ ಮಾಡಿ ಬಂದ ಮಕ್ಕಳು ಚಲೋ ಮಾರ್ಕ್ಸ್ ತಗೀತಾವು. ಮಾಡದವು ಕುಂತಲ್ಲೇ ತೂಕಡಸ್ತಾವು. ಯಾರ್‍ಯಾರು ನಾಷ್ಟಾ ಮಾಡೀರಿ, ಕೈ ಎತ್ರಿ."

ಕೈಗಳ ಕಾಡೇ ಎದ್ದಿತು. ಮಾಡಿದವರೂ ಎತ್ತಿದರು, ಮಾಡದವರೂ ಎತ್ತಿದರು. ಹೆಡ್ ಮೇಡಂ ಮುಖದ ಮೇಲೆ ಗೊಂದಲ ಮೂಡಿತು.

"ಎಲ್ಲಾರೂ ತಿಂದೀರಿ. ಹಂಗಾದ್ರ ಶನಿವಾರದ ಟೆಸ್ಟಿನ್ಯಾಗ ಯಾಕ್ರಲೇ ಹಿಂಗ ಉರುಳ್ತೀರಿ?"

ಸಾಲಿನ ನಡುವೆ ನಿಂತ ದಾಕ್ಷಾಯಣಿಯ ಕಣ್ಣು ವೇದಿಕೆಯ ಕಡೆ ಹೋಯಿತು. ಅಲ್ಲಿ, ಶಿಕ್ಷಕರ ಸಾಲಿನ ತುದಿಗೆ, ಬೀಜಗಣಿತಕಾನನಕಂಠೀರವರೂ, ರಕ್ತವರ್ಣಲೇಖನೀಧರರೂ, ಸುಧಾಖಂಡವೃಷ್ಟಿಕಾರಕರೂ ಆದ ಗಣಿತದ ಮಾಸ್ತರ ತಿರಕಪ್ಪ ಬಾರಕೇರರು ನಿಂತಿದ್ದರು. ಬಾರಕೇರ ಸರ್ ಶನಿವಾರ ಹನಮಪ್ಪನ ಉಪವಾಸ ಮಾಡುತ್ತಾರೆಂಬುದು ನೆಲ್ಲಿಗಟ್ಟಿಯ ಕೂಸಿಗೂ ಗೊತ್ತಿತ್ತು. ಅವರು ವಿಜಯಪುರದ ಕಡೆಯಿಂದ ವರ್ಗವಾಗಿ ಬಂದು ಎರಡು ವರ್ಷವಾಗಿತ್ತು. ಹೆಂಡತಿ ಅಲ್ಲಿಯ ದವಾಖಾನೆಯಲ್ಲಿ ನರ್ಸು, ಸಂಸಾರ ಅಲ್ಲಿಯೇ, ಇವರೊಬ್ಬರೇ ಇಲ್ಲಿ ಒಂದು ಖೋಲಿ ಹಿಡಿದಿದ್ದರು. ಸೋಮವಾರದಿಂದ ಶುಕ್ರವಾರದವರೆಗೆ ಅವರಂಥ ಸಾಧು ಇನ್ನೊಬ್ಬರಿಲ್ಲ. ನಗುವರು, ನಗಿಸುವರು, ಒಂದೇ ಲೆಕ್ಕವನ್ನು ಬೇಕಾದಷ್ಟು ಸಲ ಹೇಳುವರು. ಶನಿವಾರ ಬಂತೆಂದರೆ ಅವರೇ ಬೇರೆ. ಚಾಕ್‍ಪೀಸಿನ ತುಣುಕುಗಳು ಬಾಣಗಳಂತೆ ಹಾರುವವು. ಉತ್ತರಪತ್ರಿಕೆಗಳನ್ನು ಕೊನೆಯ ತಾಸಿನಲ್ಲಿ ಮುಂದಿಟ್ಟುಕೊಂಡು, ಲೆಕ್ಕದ ಕೊನೆಯ ಸಾಲನ್ನು ಮಾತ್ರ ನೋಡಿ, ತಪ್ಪೆಂದರೆ ಮೇಲಿಂದ ಕೆಳಗೆ ಒಂದೇ ಗೀಟು. ಒಬ್ಬೊಬ್ಬರ ಕಾಗದಕ್ಕೆ ಅವರು ಕೊಡುತ್ತಿದ್ದ ಸಮಯದಲ್ಲಿ ಸೀನಲೂ ಆಗುತ್ತಿರಲಿಲ್ಲ.

ದಾಕ್ಷಾಯಣಿಗೆ ಆ ಕ್ಷಣ ಜ್ಞಾನೋದಯವಾಯಿತು. ಎಲ್ಲರೂ ಕೈ ಎತ್ತಿದ್ದರು, ಶನಿವಾರ ಎತ್ತಲಾರದವರು ಒಬ್ಬರೇ. ನಾಷ್ಟಾ ಮಾಡಬೇಕಾದವರು ಮಕ್ಕಳಲ್ಲ, ಬಾರಕೇರ ಸರ್.

ಶುಕ್ರವಾರ ಮಧ್ಯಾಹ್ನ ನೀರಿನ ಟಾಕಿಯ ನೆರಳಿನಲ್ಲಿ ಯುದ್ಧಸಭೆ ಕೂಡಿತು. ಸಭೆಯಲ್ಲಿದ್ದವರು ಮೂವರು. ಒಬ್ಬಳು ದಾಕ್ಷಾಯಣಿ. ಇನ್ನೊಬ್ಬಳು ಅವಳ ಜೀವದ ಗೆಳತಿ ಮೆಹಜಬೀನ್, ತಂದೆಯದು ಬಳೆ ಅಂಗಡಿ, ಇದ್ದದ್ದನ್ನು ಇದ್ದಂತೆ ಹೇಳುವುದರಲ್ಲಿ ಊರಿಗೇ ಹೆಸರಾದವಳು. ಮೂರನೆಯವನು ಕ್ಲಾಸಿನ ಲೀಡರ್ ಕೊಟ್ರೇಶ, ವಾಗಾಡಂಬರಭೀಷಣ, ಪಾರ್ಶ್ವಪತ್ರವೀಕ್ಷಣಚತುರ, ಅಂದರೆ ಪಕ್ಕದವರ ಕಾಗದವನ್ನು ಕತ್ತು ತಿರುಗಿಸದೆ ಓದಬಲ್ಲವನು.

ದಾಕ್ಷಾಯಣಿ ತನ್ನ ಸಿದ್ಧಾಂತವನ್ನು ಮಂಡಿಸಿದಳು. ಮೆಹಜಬೀನ್ ತಲೆದೂಗಿದಳು.

"ಖರೇ ಐತವಾ. ನಮ್ಮ ಅಬ್ಬಾ ರೋಜಾ ಇದ್ದಾಗ ಸಂಜಿಮುಂದ ಅಂಗಡ್ಯಾಗ ಯಾರರ ಚೌಕಾಸಿ ಮಾಡಿದ್ರ ಬಳಿ ಡಬ್ಬಿನ ಮುಚ್ಚಿ ಇಡ್ತಾರ. ಖಜೂರ ಬಾಯಾಗ ಬಿತ್ತಂದ್ರ ಅವರ ಗಿರಾಕಿನ್ನ ಕರದು ಎರಡ ಬಳಿ ಪುಕ್ಕಟೆ ಕೊಡ್ತಾರ. ಹೊಟ್ಟಿ ಅನ್ನೂದು ಹಂಗ."

"ಇಷ್ಟಕ್ಕ ಯಾಕ ಚಿಂತಿ?" ಎಂದು ಕೊಟ್ರೇಶನು ಟಾಕಿಯ ಕಟ್ಟೆಯ ಮೇಲೆ ಏರಿ ನಿಂತು ಎದೆ ತಟ್ಟಿಕೊಂಡನು. "ನಾ ತಿನಸ್ತೀನಿ ಸರ್‍ಗೆ. ನಾಳೆ ಮುಂಜಾನಿ ಬಾಳೆಹಣ್ಣು ಹಿಡಕೊಂಡು ಹೋಗಿ ಮುಂದ ನಿಂತ್ನೆಂದ್ರ, ಹನಮಪ್ಪನ ಬಂದು ಬ್ಯಾಡ ಅಂದ್ರೂ ಬಿಡಂಗಿಲ್ಲ. ಈ ಕೊಟ್ರೇಶನ ಮಾತು ಅಂದ್ರ ಕಲ್ಲಾಗ ಕೆತ್ತಿದಂಗ!"

ಆಗ ದಾಕ್ಷಾಯಣಿಯು ಜಡೆಗಳೆರಡನ್ನೂ ಹಿಂದಕ್ಕೆಸೆದು, ದಶದಿಕ್ಕುಗಳೂ ಕೇಳುವಂತೆ ಪ್ರತಿಜ್ಞೆ ಮಾಡಿದಳು: "ಸರ್ ಹೊಟ್ಟಿಗೆ ನಾಷ್ಟಾ ಬೀಳೂತನಕಾ ನಾಳೆ ನಾ ಒಂದ ಹನಿ ನೀರ ಸೈತ ಮುಟ್ಟಂಗಿಲ್ಲ!"

"ನೀರು ಕುಡಿಯವಾ," ಎಂದಳು ಮೆಹಜಬೀನ್, "ಇಲ್ಲಂದ್ರ ನೀನೂ ಸರ್ ಹಂಗ ಆಕ್ಕಿ."

ಪ್ರತಿಜ್ಞೆಯಲ್ಲಿ ನೀರಿನ ಮಟ್ಟಿಗೆ ತಿದ್ದುಪಡಿಯಾಯಿತು. ಉಳಿದದ್ದು ಹಾಗೆಯೇ ನಿಂತಿತು.

ಆದರೆ ವ್ರತಸ್ಥನಿಗೆ ಏನು ತಿನ್ನಿಸುವುದು? ಈ ಧರ್ಮಸೂಕ್ಷ್ಮವನ್ನು ಬಿಡಿಸಬಲ್ಲ ಪಂಡಿತೆ ನೆಲ್ಲಿಗಟ್ಟಿಯಲ್ಲಿ ಒಬ್ಬಳೇ ಇದ್ದಳು: ದಾಕ್ಷಾಯಣಿಯ ಆಯಿ, ಎಂದರೆ ತಂದೆಯ ತಾಯಿ, ಬಾಳವ್ವ. ಈಕೆ ವಾರದಲ್ಲಿ ಎರಡು ದಿನ ಉಪವಾಸ ಮಾಡುವ ಮಹಾತಪಸ್ವಿನಿ. ಆ ಎರಡು ದಿನ ಬಾಳೆಹಣ್ಣು, ಹಾಲು, ಸಾಬೂದಾನಿ ಖಿಚಡಿ, ಶೇಂಗಾ ಉಂಡಿ, ಮತ್ತೆ ಹಾಲು, ಹೀಗೆ ತಪಸ್ಸು ಸಾಗುತ್ತಿತ್ತು. ಉಪವಾಸದ ದಿನ ಆಯಿ ತಿನ್ನುವಷ್ಟು ಉಳಿದ ದಿನ ತಿಂದದ್ದನ್ನು ಮನೆಯವರು ಕಂಡಿರಲಿಲ್ಲ.

"ಆಯಿ, ಉಪಾಸ ಇದ್ದವರು ಏನೇನ ತಿನ್ನಬೌದು?"

"ಅನ್ನ ನಡಿಯಂಗಿಲ್ಲ. ಮುಸುರಿ ಅದು. ಉಳ್ಳಾಗಡ್ಡಿ ಅಂತೂ ಹೆಸರ ತಗೀಬ್ಯಾಡ. ಅವಲಕ್ಕಿ ನಡೀತೈತಿ."

"ಅನ್ನನೂ ಅಕ್ಕೀದ, ಅವಲಕ್ಕಿನೂ ಅಕ್ಕೀದ ಅಲ್ಲೇನಾಯಿ?"

"ಅಕ್ಕಿ ಬ್ಯಾರೆ, ಅವಲಕ್ಕಿ ಬ್ಯಾರೆ. ದೊಡ್ಡವರು ಮಾಡಿಟ್ಟಿದ್ದು. ನಾಲಗಿ ಉದ್ದ ಮಾಡಬ್ಯಾಡ."

"ಹಂಗಾದ್ರ ನಾಳೆ ಅವಲಕ್ಕಿ ಮಾಡಿಕೊಡು. ನಮ್ಮ ಬಾರಕೇರ ಸರ್‍ಗೆ."

ಆಯಿ ಬತ್ತಿ ಹೊಸೆಯುವುದನ್ನು ನಿಲ್ಲಿಸಿ ಮೊಮ್ಮಗಳನ್ನು ದಿಟ್ಟಿಸಿದಳು. "ಯವ್ವಾ! ಎರಡ ವರ್ಸದಿಂದ ಆ ಹುಡುಗ ನಿರಾಹಾರ ಮಾಡಾಕತ್ತಾನಂತ? ಫಳಾರನೂ ಇಲ್ಲಂತ? ಯಾರು ಕಲಿಸಿದ್ರವನಿಗೆ ಇಂಥಾ ಹುಚ್ಚು ಉಪಾಸಾ?" ಎಂದು ಮರುಗಿದಳು. ಆ ಹುಡುಗನಿಗೆ ನಲವತ್ತು ದಾಟಿತ್ತು.

ಶನಿವಾರದ ಸೂರ್ಯನಿನ್ನೂ ಮೂಡಣದ ಮೊಬೈಲ್ ಟವರಿನ ಹಿಂದೆ ಅಡಗಿರುವಾಗಲೇ ಬಾಳವ್ವನ ಬಾಣಲಿಯಲ್ಲಿ ಸಾಸಿವೆ ಸಿಡಿಯಿತು. ಅರಿಶಿನರಂಜಿತವೂ, ಕರಿಬೇವುಪರಿಮಳಿತವೂ, ಶೇಂಗಾಬೀಜವಿಭೂಷಿತವೂ, ಹಸಿಮೆಣಸಿನಕಾಯಿಖಂಡಭಯಂಕರವೂ ಆದ ಅವಲಕ್ಕಿಯು ಸ್ಟೀಲಿನ ಡಬ್ಬಿಯೆಂಬ ಕವಚವನ್ನು ತೊಟ್ಟಿತು. ಮನೆಯಲ್ಲಿದ್ದ ಅವಲಕ್ಕಿ ಅಷ್ಟೇ. "ಅರ್ಧಾ ನೀ ತಿನ್ನು, ಅರ್ಧಾ ಅವರಿಗೆ ಕೊಡು," ಎಂದಳು ಆಯಿ. ಪ್ರತಿಜ್ಞಾಬದ್ಧೆಯಾದ ಮೊಮ್ಮಗಳು ಹೂಂ ಎಂದು, ಪೂರ್ತಿ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು. ಓಣಿ ದಾಟುವ ಹೊತ್ತಿಗೆ ಚೀಲದಿಂದ ಬಂದ ವಾಸನೆಗೆ ಅವಳ ಬಾಯಲ್ಲೇ ನೀರೂರಿತು.

ಶಾಲೆಯಲ್ಲಿ ಗಂಟೆ ಇನ್ನೂ ಹೊಡೆದಿರಲಿಲ್ಲ. ಶಿಕ್ಷಕರ ಕೋಣೆಯಲ್ಲಿ ಬಾರಕೇರ ಸರ್ ಒಬ್ಬರೇ ಕುಳಿತು ಕೊಡದಿಂದ ತಂಬಿಗೆಗಟ್ಟಲೆ ನೀರು ಕುಡಿಯುತ್ತಿದ್ದರು. ಮೊದಲ ದಾಳಿ ಕೊಟ್ರೇಶನದು. ಕದಳೀಫಲದ್ವಯವನ್ನು ಗದೆಯಂತೆ ಹಿಡಿದು ಅವನು ಒಳನುಗ್ಗಿದನು. ಹೊರಗೆ ಕಿಟಕಿಯ ಕೆಳಗೆ ಹುಡುಗಿಯರಿಬ್ಬರೂ ಕಿವಿಯಾಗಿ ಕುಳಿತರು.

"ಸರ್, ಬಾಳೆಹಣ್ಣು ತಗೋರಿ."

"ಒಲ್ಲಪಾ. ಶನಿವಾರ ನಂದು ಉಪವಾಸ."

"ಹೌದಲ್ರಿ ಸರ್. ತಪ್ಪಾತ್ರಿ."

ಯುದ್ಧ ಮುಗಿಯಿತು. ಕಲ್ಲಲ್ಲಿ ಕೆತ್ತಿದ ಮಾತಿನ ಧೀರನು ಹಿಂದೆ ಸರಿದು ಸರಿದು ಹೊಸ್ತಿಲು ಎಡವಿ ಹೊರಗೆ ಬಂದು, "ಭಾರಿ ಕಡಕ್ ವ್ರತ ಐತಲೇ, ಅಲ್ಲಾಡಂಗಿಲ್ಲ," ಎಂದು ಘೋಷಿಸಿ, ಬೇವಿನ ಗಿಡದ ಹಿಂದೆ ಹೋಗಿ ಎರಡೂ ಹಣ್ಣನ್ನು ತಾನೇ ತಿಂದನು. ಅವನಿಗೆ ನಾನು ಏನೂ ಅನ್ನುವುದಿಲ್ಲ. ಅಂದರೂ ಅವನು ಕೇಳುವ ಪೈಕಿಯಲ್ಲ.

ಈಗ ದಾಕ್ಷಾಯಣಿಯ ಸರದಿ. ಖೋಖೋ ಅಂಗಳದಲ್ಲಿ ಎಂದೂ ತಡೆದು ನಿಲ್ಲದ ಅವಳು ಆ ಹೊಸ್ತಿಲಲ್ಲಿ ಡಬ್ಬಿಯನ್ನು ಎರಡೂ ಕೈಯಿಂದ ಹಿಡಿದು ನಿಂತಳು. ಕಣ್ಣ ಮುಂದೆ ಬಸ್ ಸ್ಟ್ಯಾಂಡಿನ ಕಟ್ಟೆ ಬಂದು ನಿಂತಿತು.

"ಸರ್, ಅವಲಕ್ಕಿ ತಂದೀನ್ರಿ ನಿಮಗ."

"ಒಲ್ಲೆವ್ವಾ. ಉಪವಾಸ ಐತಿ."

"ಅವಲಕ್ಕಿ ಉಪವಾಸಕ್ಕ ನಡೀತೈತ್ರಿ ಸರ್. ಮುಸುರಿ ಅಲ್ರಿ ಅದು. ಉಳ್ಳಾಗಡ್ಡಿ ಹಾಕಿಲ್ರಿ. ನಮ್ಮ ಆಯಿ ಸ್ನಾನಾ ಮಾಡಿ ಮಾಡ್ಯಾಳ್ರಿ. ನಮ್ಮ ಆಯಿನೂ ಹನಮಪ್ಪನ ಉಪವಾಸ ಮಾಡ್ತಾಳ್ರಿ, ಅಕಿ ತಿಂತಾಳ್ರಿ." ಹೀಗೆ ಬಾಳವ್ವಸ್ಮೃತಿಯ ಸಮಸ್ತ ಸೂತ್ರಗಳನ್ನೂ ಒಂದೇ ಉಸಿರಿನಲ್ಲಿ ಪಠಿಸಿ ನಿಂತಳು.

"ಹೌದನ?" ಎಂದರು ಸರ್. ಅವರ ದೃಷ್ಟಿ ಡಬ್ಬಿಯ ಮೇಲೆ ಸ್ವಲ್ಪ ಹೊತ್ತು ನಿಂತಿತು. ಮತ್ತೆ ಕಿಟಕಿಯ ಕಡೆ ಹೋಯಿತು. "ಇರ್ಲೆವ್ವಾ. ಒಲ್ಲೆ."

ಶಾಸ್ತ್ರ ಮುಗಿದಿತ್ತು. ದಾಕ್ಷಾಯಣಿಯ ಬತ್ತಳಿಕೆಯಲ್ಲಿ ಇನ್ನೊಂದು ಬಾಣ ಉಳಿದಿರಲಿಲ್ಲ. ಅಳು ಬರುವ ಮುಂಚೆ ಏನಾದರೂ ಮಾಡಬೇಕೆಂದು ಡಬ್ಬಿಯ ಮುಚ್ಚಳವನ್ನು ತೆಗೆದು, ಅವರ ಮುಂದಿನ ಹಾಜರಿ ಪುಸ್ತಕವನ್ನು ಪಕ್ಕಕ್ಕೆ ಸರಿಸಿ, ಮೇಜಿನ ಮೇಲೆ ಇಟ್ಟುಬಿಟ್ಟಳು.

"ತಗೋರಿ ಸರ್. ನಾಕ ತುತ್ತು."

ಸರ್ ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ. ಒಗ್ಗರಣೆಯ ಹಬೆ ಅವರ ಕನ್ನಡಕದ ಮೇಲೆ ಕೂತಿತು. ತ್ರಿಲೋಕವೂ ಉಸಿರು ಬಿಗಿಹಿಡಿದು ನಿಂತಿರಲು, ಎರಡು ವರ್ಷಗಳ ಉಗ್ರತಪಸ್ವಿಯ ಬಾಯಿಂದ ಈ ಮಹಾವಾಕ್ಯವು ಹೊರಬಿತ್ತು:

"ಚಮಚ ಐತೇನು?"

ಚಮಚ ಇರಲಿಲ್ಲ. ಸರ್ ಕೈತೊಳೆದುಕೊಂಡು ಕುಳಿತರು. ಮೊದಲ ತುತ್ತು ಮೆಲ್ಲಗೆ ಹೋಯಿತು, ಎರಡನೆಯದು ಅದಕ್ಕಿಂತ ಜೋರಾಗಿ, ಮುಂದಿನವು ಒಂದರ ಹಿಂದೊಂದು. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಕೈ ನಿಲ್ಲಲಿಲ್ಲ. ನಡುವೆ ಒಮ್ಮೆ ತಲೆಯೆತ್ತಿ, "ನೀನೂ ತಗೋ ಸ್ವಲ್ಪ," ಎಂದರು.

"ಒಲ್ಲೆ ರೀ ಸರ್," ಎಂದಳು ದಾಕ್ಷಾಯಣಿ, ದೊಡ್ಡವರ ಮುಂದೆ ಹಾಗೆ ಅನ್ನಬೇಕಾದದ್ದೇ ರೂಢಿ ಎಂದು. ಸರ್ ಎರಡನೆಯ ಸಲ ಕೇಳಲಿಲ್ಲ. ಡಬ್ಬಿಯ ತಳದಲ್ಲಿ ಕೊನೆಯ ಶೇಂಗಾಬೀಜವನ್ನು ಅವರು ಬೆರಳಿನಿಂದ ಅಟ್ಟಿಸಿಕೊಂಡು ಹೋಗಿ ಹಿಡಿಯುವುದನ್ನು ಅವಳು ನೋಡುತ್ತ ನಿಂತಳು.

ಗಂಟೆ ಹೊಡೆಯಿತು. ಪ್ರಾರ್ಥನೆಯಲ್ಲಿ ಹೆಡ್ ಮೇಡಂ ಮತ್ತೆ ನಾಷ್ಟಾದ ಲೆಕ್ಕ ಕೇಳಿದರು. ಕೈಗಳು ಎದ್ದವು. ದಾಕ್ಷಾಯಣಿ ಎತ್ತಲಿಲ್ಲ, ಆದರೆ ವೇದಿಕೆಯ ತುದಿಯಲ್ಲಿ ಬಾರಕೇರ ಸರ್ ಅವರ ಬಲಗೈ ಮೊಣಕೈಯವರೆಗೆ ಎದ್ದು, ಏನೋ ನೆನಪಾದಂತೆ ತಲೆ ಕೆರೆದು, ಮತ್ತೆ ಇಳಿಯಿತು. ಅದನ್ನು ನೋಡಿ ಮೆಹಜಬೀನ್ ದಾಕ್ಷಾಯಣಿಯನ್ನು ಚಿವುಟಿದಳು.

ಬಳಿಕ ಪರೀಕ್ಷೆಯೆಂಬ ಕುರುಕ್ಷೇತ್ರ. ಸೈನ್ಯಕ್ಕೆಲ್ಲ ಸುದ್ದಿ ಮುಟ್ಟಿತ್ತು: ಸರ್ ತಿಂದಾರ! ಇವತ್ತು ಎಲ್ಲರೂ ಪಾಸ್ ಎಂಬ ಭರವಸೆಯ ಮೇಲೆ ಕೆಲವರು ಲೆಕ್ಕದ ಬದಲು ದೇವರ ಹೆಸರು ಬರೆದರು. ಚಾಕ್‍ಪೀಸು ಹಾರಲಿಲ್ಲ. ಗದರಿಕೆಯಿಲ್ಲ. ಸರ್ ಕೈ ಹಿಂದೆ ಕಟ್ಟಿ ಸಾಲುಗಳ ನಡುವೆ ಅಡ್ಡಾಡುತ್ತ, ಸಣ್ಣಗೆ ಯಾವುದೋ ಭಜನೆ ಗುನುಗಿದರು. ಆ ಪ್ರಶಾಂತ ಮೌನದಲ್ಲಿ ಒಂದೇ ಒಂದು ರಣಭೇರಿ ಮೊಳಗುತ್ತಿತ್ತು, ಅದು ದಾಕ್ಷಾಯಣಿಯ ಹೊಟ್ಟೆ. ಒಮ್ಮೆ ಎಷ್ಟು ಜೋರಾಗಿ ಮೊಳಗಿತೆಂದರೆ ಹಿಂದಿನ ಬೆಂಚಿನವರು ಕಿಟಕಿಯಾಚೆ ನೋಡಿದರು. ಅವಳು ಕಾಗದದ ಮೇಲೆ ಬಾಗಿ, ಹಸಿವನ್ನೂ ಹೆದರಿಕೆಯನ್ನೂ ಒಟ್ಟಿಗೆ ನುಂಗುತ್ತ, ಹೊಲದ ಉದ್ದ, ಹೊಲದ ಅಗಲ, ಬೇಲಿಯ ತಂತಿ ಎಂದು ಒಂದೊಂದೇ ಮೆಟ್ಟಿಲು ಬರೆದಳು.

ಕೊನೆಯ ತಾಸು ಬಂತು. ರಕ್ತವರ್ಣಲೇಖನಿಯು ಕಿಸೆಯಿಂದ ಹೊರಬಂದಿತು. ಒಬ್ಬೊಬ್ಬರನ್ನೇ ಮೇಜಿನ ಬಳಿಗೆ ಕರೆದು ಎದುರಿಗೇ ತಿದ್ದುವುದು ಶನಿವಾರದ ಪದ್ಧತಿ. ಅಲ್ಲಿ, ಎಲೈ ಕೇಳುಗರೇ, ಮೂರು ಲೋಕದಲ್ಲಿ ಯಾರೂ ಎಣಿಸದ ಅನಾಹುತವೊಂದು ಆಯಿತು. ಹೊಟ್ಟೆ ತುಂಬಿದ ಬಾರಕೇರ ಸರ್ ಉದಾರಿಯಾಗಲಿಲ್ಲ. ಅವರಿಗೆ ಓದುವ ತ್ರಾಣ ಬಂದುಬಿಟ್ಟಿತು. ಕೊನೆಯ ಸಾಲಿನಿಂದ ಶುರು ಮಾಡದೆ ಮೊದಲ ಸಾಲಿನಿಂದ, ಪ್ರತಿ ಅಕ್ಷರ, ಪ್ರತಿ ಅಂಕಿ, ಬೆರಳಿಟ್ಟು ಓದತೊಡಗಿದರು.

ಕೊಟ್ರೇಶನ ಕಾಗದ ಮೊದಲು ಬಂತು. ಉತ್ತರಗಳೆಲ್ಲ ಸರಿ.

"ಉತ್ತರ ಬರೋಬ್ಬರಿ ಐತಿ. ಎಲ್ಲಿಂದ ಬಂತಪಾ ಇದು?"

"ತಲ್ಯಾಗಿಂದ್ರಿ ಸರ್."

"ಯಾರ ತಲ್ಯಾಗಿಂದ?"

ಇಂಥ ಬ್ರಹ್ಮಾಸ್ತ್ರಕ್ಕೆ ಪ್ರತ್ಯಸ್ತ್ರವಿಲ್ಲ. ಲೀಡರ್ ಸೊನ್ನೆಯೊಂದಿಗೆ ಮರಳಿದನು. ಅವನ ಹಿಂದೆ ಇನ್ನೂ ಹಲವರು ಉರುಳಿದರು. ದೇವರ ಹೆಸರು ಬರೆದವರಿಗೆ ಸರ್ ಭಕ್ತಿಯಿಂದ ಕಾಗದ ಮರಳಿಸಿ, ಮುಂದಿನ ವಾರ ಮತ್ತೆ ಬರೆಯಲು ಹೇಳಿದರು. ಹತಶೇಷ ಸೈನ್ಯವೆಲ್ಲ ಕತ್ತು ತಿರುಗಿಸಿ ದಾಕ್ಷಾಯಣಿಯನ್ನು ನೋಡಿತು. ಆ ನೋಟದಲ್ಲಿ ಪ್ರೀತಿ ಇರಲಿಲ್ಲ.

"ದಾಕ್ಷಾಯಣಿ ಅಂಗಡಿ."

ಅವಳು ಹೋಗಿ ಮೇಜಿನ ಅಂಚನ್ನು ಹಿಡಿದು ನಿಂತಳು. ಸರ್ ಬೆರಳು ಮೊದಲ ಲೆಕ್ಕದ ಮೇಲೆ ಇಳಿಯುತ್ತ ಹೋಯಿತು. ಸೂತ್ರ ಸರಿ, ಟಿಕ್. ಬೆಲೆ ಹಾಕಿದ್ದು ಸರಿ, ಟಿಕ್. ಕೊನೆಯ ಸಾಲಿನ ಮೇಲೆ ಬೆರಳು ನಿಂತಿತು. ಎರಡನೆಯ ಲೆಕ್ಕ, ಅಲ್ಲಿಯೂ ಹಾಗೆಯೇ. ಸರ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು.

"ಏಳೆಂಟ್ಲೆ ಎಷ್ಟವ್ವಾ?"

"ಐವತ್ನಾಕ್ರಿ ಸರ್," ಎಂದಳು ದಾಕ್ಷಾಯಣಿ ಸ್ಪಷ್ಟವಾಗಿ. ಇದೊಂದರಲ್ಲಾದರೂ ಅವಳಿಗೆ ಅನುಮಾನವಿರಲಿಲ್ಲ.

"ಐವತ್ತಾರು."

"ಅಯ್ಯ!"

"ಎಂದಿನಿಂದ ಐವತ್ನಾಕ ಹಾಕಾಕತ್ತೀದಿ?"

"ಮೊದಲಿಂದ ರೀ." ಅವಳ ದನಿ ನೆಲಕ್ಕಿಳಿಯಿತು. ಯಾವ ಶನಿವಾರದಲ್ಲಿ ಏಳೂ ಎಂಟೂ ಎದುರಾದವೋ ಆ ಶನಿವಾರವೆಲ್ಲ ಅವಳು ಸೋತಿದ್ದಳು. ಹೋದ ವರ್ಷದ ಬಸ್ಸೂ ಆ ಎರಡು ಅಂಕಿಗಳ ಮೇಲೆಯೇ ಹೊರಟುಹೋಗಿತ್ತು. ವಿಧಿಯೆಂದು, ಗ್ರಹಚಾರವೆಂದು, ತಾನೇ ದಡ್ಡಿಯೆಂದು ಅವಳು ದಿಂಬಿಗೆ ಮುಖ ಒತ್ತಿ ಅತ್ತದ್ದೆಲ್ಲ ಮಗ್ಗಿಯ ಒಂದು ಸಾಲಿಗೆ.

"ನಾ ನೋಡಬೇಕಾಗಿತ್ತು," ಎಂದರು ಸರ್, ಯಾರಿಗೂ ಅಲ್ಲದಂತೆ. ಮೆಟ್ಟಿಲು ಮೆಟ್ಟಿಲಿಗೆ ಅಂಕ ಹಾಕಿದರು, ಕೊನೆಯ ಸಾಲಿಗೆ ಕಳೆದರು, ಕೂಡಿಸಿದರು. ಪಾಸಿನ ಗೆರೆಯ ಮೇಲೆ ಒಂದೇ ಒಂದು ಅಂಕ ನಿಂತಿತು. ದಾಕ್ಷಾಯಣಿ ಆ ಅಂಕಿಯನ್ನು ನೋಡಿದಳು, ಸರ್ ಮುಖ ನೋಡಿದಳು, ಮತ್ತೆ ಅಂಕಿಯನ್ನು ನೋಡಿದಳು. ಸಂತೋಷಕ್ಕೆ ಅವಳ ಕಾಲುಗಳು ತಾವಾಗಿಯೇ ಓಡಲು ತಯಾರಾದವು, ಆದರೆ ಹಸಿವಿಗೆ ಕಣ್ಣು ಕತ್ತಲೆ ಬಂದು ಬೆಂಚಿನ ಮೇಲೆ ಕೂತಳು.

ಮನೆಗೆ ಬಿಡುವ ಗಂಟೆಯಾದ ಮೇಲೆ ಸರ್ ಅವಳನ್ನು ಕರೆದು ಡಬ್ಬಿ ಕೊಟ್ಟರು. ತಾವೇ ತಿಕ್ಕಿ ತೊಳೆದಿದ್ದರು. ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ.

"ನಿಮ್ಮ ಆಯಿಗೆ ಹೇಳವ್ವಾ, ಭಾಳ ಚಲೋ ಆಗಿತ್ತಂತ."

"ಹೂಂನ್ರಿ. ಸರ್, ನಿಮ್ಮ ಉಪವಾಸ ಮುರೀಲಿಲ್ಲಲ್ರಿ? ಹನಮಪ್ಪ ಸಿಟ್ಟ ಆಗಂಗಿಲ್ಲಲ್ರಿ?"

ಸರ್ ಅಂಗಿಯ ಗುಂಡಿ ತಿರುವುತ್ತ ನಿಂತರು.

"ಯಾರ ಮುಂದೂ ಹೇಳಬ್ಯಾಡ," ಎಂದರು. "ನಾ ಉಪವಾಸ ಮಾಡಾವನ ಅಲ್ಲ. ಶನಿವಾರ ಸಾಲಿ ಲಗೂನ ಇರ್ತೈತಿ, ಖಾನಾವಳಿ ಒಂಬತ್ತಕ್ಕ ತೆಗೀತೈತಿ. ಇಷ್ಟ ಐತಿ ನೋಡು. ಈ ಊರಿಗೆ ಬಂದ ಮೊದಲನೇ ಶನಿವಾರ ಹೆಡ್ ಮೇಡಂ ಮನಿಂದ ಉಪ್ಪಿಟ್ಟು ತಂದಿದ್ರು. ತಗೋರಿ ಸರ್ ಅಂದ್ರು. ಹೊಸಾ ಊರು, ಹೊಸಾ ಮಂದಿ, ಅಂದಕೂಡ್ಲೆ ಹೆಂಗ ತಗೊಳ್ಳೂದು? ನಾಚಿಕಿ ಬಂತು. ಶನಿವಾರ ನಂದು ಉಪವಾಸ ರೀ ಅಂದೆ. ಇನ್ನೊಮ್ಮೆ ಅಂತಾರ, ಆವಾಗ ತಗೊಂಡ್ರಾತು ಅಂತ ಕುಂತೆ." ಅವರು ಗುಂಡಿಯನ್ನು ಬಿಟ್ಟರು. "ಅನ್ನಲಿಲ್ಲ. ಪಾಪ, ದೇವರ ಕೆಲಸಕ್ಕ ಯಾಕ ಅಡ್ಡ ಬರೂದು ಅಂತ ಸುಮ್ಮನಾದ್ರು. ಮರುದಿನದಿಂದ ಊರಿಗೆಲ್ಲಾ ಗೊತ್ತಾತು. ಅಂಗಡ್ಯಾಗ ಒಂದ ಬಿಸ್ಕೀಟ ಪುಡಾ ಕೇಳಿದ್ರ ಅಂಗಡ್ಯಾವ, 'ಸರ್, ಇವತ್ತ ಶನಿವಾರ ರೀ' ಅಂತ ನೆನಪ ಮಾಡಿ ಒಳಗಿಟ್ಟುಬಿಡ್ತಾನ."

ದಾಕ್ಷಾಯಣಿಗೆ ನಗು ಬರಬೇಕಿತ್ತು, ಬರಲಿಲ್ಲ. ಎರಡು ವರ್ಷದ ಶನಿವಾರಗಳಲ್ಲಿ ಆ ಕೊಡದ ಮುಂದೆ ತಂಬಿಗೆ ಹಿಡಿದು ಕೂತ ಮನುಷ್ಯನನ್ನು ನೆನೆದು ಅವಳಿಗೆ ಬಹಳ ಕೆಟ್ಟದೆನಿಸಿತು.

"ಮುಂದಿನ ಶನಿವಾರ ನಾ ಮತ್ತ ತರ್ತೀನ್ರಿ."

"ಬ್ಯಾಡವ್ವಾ. ನಿಮ್ಮ ಆಯಿಗೆ ತ್ರಾಸು."

"ತರ್ತೀನ್ರಿ."

"ಬ್ಯಾಡ ಅಂದ್ನೆಲ್ಲಾ."

"ತರ್ತೀನ್ರಿ ಸರ್."

ಬಾರಕೇರ ಸರ್ ಪಡಸಾಲೆಯ ಆ ತುದಿಯವರೆಗೆ ನೋಡಿದರು, ಈ ತುದಿಯವರೆಗೆ ನೋಡಿದರು. ಆಮೇಲೆ ದನಿ ತಗ್ಗಿಸಿ, "ಮೆಣಸಿನಕಾಯಿ ಸ್ವಲ್ಪ ಕಡಿಮಿ ಹಾಕಂತ ಹೇಳು," ಎಂದರು.

ಇಂತು ನೆಲ್ಲಿಗಟ್ಟಿಯ ಜಗದ್ವಿಖ್ಯಾತ ಶನಿವಾರವ್ರತವು ಖಾರದ ಮಾತಿಗೆ ಬಂದು ಮುಗಿಯಿತು. ಈ ಕಥೆ ಕೇಳಿದವರಿಗೆ ಪುಣ್ಯವೇನೂ ಬರುವುದಿಲ್ಲ, ಹೇಳಿದವನಿಗಂತೂ ಇಲ್ಲ. ಏಳಿರಿ, ಹೊತ್ತಾಯಿತು, ತಿಂಡಿ ಆರುತ್ತದೆ.